ಬಿಳಿಯ ಕೆಳಗಿನ ಹಸಿರು

ಕಾರು ನಮ್ಮ ಮನೆಗೆ ಬಂದದ್ದು ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು. ಭದ್ರಾವತಿಯ ನಮ್ಮ ಕಾರ್ಖಾನೆ ಕ್ವಾರ್ಟರ್ಸ್ ಸಾಲಿನಲ್ಲಿ ಆಗ ಯಾರಿಗೂ ಕಾರಿರಲಿಲ್ಲ. ಸೈಕಲ್ಲನ್ನು ಒಳಗೆ ತಂದರೆ ಚಾಪೆ ಹಾಸಲು ಜಾಗವಿರದಂಥ ಮನೆಗಳವು. ಮುಂದೊಂದು ಕೋಣೆ, ಹಿಂದೊಂದು ಕೋಣೆ, ಅಡುಗೆಮನೆ, ಅದರ ಬಾಗಿಲು ತೆರೆದರೆ ಸಿಮೆಂಟು ಬಳಿದ ಹಿತ್ತಲು, ಬಟ್ಟೆ ಒಗೆಯುವ ಕಲ್ಲು, ಒಂದು ನುಗ್ಗೆ ಮರ. ನಮ್ಮದು ಸಾಲಿನ ಕೊನೆಯ ಮನೆಯಾದ್ದರಿಂದ ಪಕ್ಕದಲ್ಲಿ ಸ್ವಲ್ಪ ಖಾಲಿ ನೆಲವಿತ್ತು. ಅಪ್ಪ ಅಲ್ಲಿ ಕಂಬ ನೆಟ್ಟು ತಗಡು ಹೊದೆಸಿದಾಗ ಅಮ್ಮ ಅದನ್ನು ಸೌದೆಗೆಂದು ತಿಳಿದಿದ್ದಳು. ಬಂದು ನಿಂತದ್ದು ಹೆರಾಲ್ಡ್ ಎಂಬ ಹಳೆಯ ಕಾಲದ ಕಾರು. ಅದರ ಮೂತಿ ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತಿತ್ತು. ಬಿಳಿ ಬಣ್ಣದ ಮೇಲೆ ಎಲ್ಲೆಲ್ಲೂ ತುಕ್ಕಿನ ಬೊಕ್ಕೆಗಳು. ಹಿಂದಿನ ಸೀಟಿನ ಹತ್ತಿರ ಬಗ್ಗಿ ನೋಡಿದರೆ ಕೆಳಗಿನ ಮಣ್ಣು ಕಾಣುತ್ತಿತ್ತು.

ಪಕ್ಕದ ಮನೆಯ ಸೆಲ್ವಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದರು. ಸೇಲಂ ಕಡೆಯಿಂದ ಬಂದ ಕುಟುಂಬ ಅವರದು, ಗಂಡ ಅಪ್ಪನ ಜೊತೆಯೇ ಕಾರ್ಖಾನೆಯಲ್ಲಿದ್ದರು.

"ಏನಣ್ಣಾ, ಕಾರು ತಂದ್ರಾ, ಕಾರಿನ ಹೆಣ ತಂದ್ರಾ?"

"ಎರಡೂ ಒಂದೇ ಸೆಲ್ವಮ್ಮ. ಉಸಿರು ತುಂಬೋದು ನನ್ನ ಕೆಲಸ."

ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ. ಮನೆಗೆ ಗಾಡಿ ಬಂದರೆ ಆರತಿ ಎತ್ತಬೇಕು, ಚಕ್ರದ ಕೆಳಗೆ ನಿಂಬೆಹಣ್ಣಿಡಬೇಕು. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಲ್ಲೇ ನಿಂತಳು.

"ಯಾರದ್ದು?"

"ಶಿವಮೊಗ್ಗದಲ್ಲಿ, ಹೊಸಮನೆಯಲ್ಲಿ ಒಬ್ಬರು ವಯಸ್ಸಾದೋರದ್ದು. ಗೇಟಿನ ಪಕ್ಕ ನಿಂತು ಕೊಳೀತಿತ್ತು. ತಗೊಂಡೋದ್ರೆ ಸಾಕು ಅಂದ್ರು."

"ಸುಮ್ಮನೆ ಯಾರು ಏನು ಕೊಡ್ತಾರೆ ರೀ? ಅದ್ರಲ್ಲಿ ಏನೋ ಇರ್ಬೇಕು."

"ತುಕ್ಕಿದೆ ಮಾರಾಯ್ತಿ. ಇನ್ನೇನಿರುತ್ತೆ?"

ಅಮ್ಮ ಈಗಿಲ್ಲ. ಈಗ ನಾನಿರುವ ಶಿವಮೊಗ್ಗದ ಗೋಪಾಳದ ಈ ಮನೆಯಲ್ಲಿ ಅವಳ ವರ್ಷಾಂತಿಕ ಇನ್ನೂ ಮುಗಿಯಬೇಕಿದೆ. ಅಪ್ಪ ಹೋಗಿ ಬಹಳ ಕಾಲವಾಯಿತು. ಸಾಂತ್ವನ ಹೇಳಲು ಬಂದವರೆಲ್ಲ ಅಮ್ಮನನ್ನು ತಾಳ್ಮೆಯ ಹೆಂಗಸು ಎಂದು ಹೊಗಳಿ ಹೋದರು. ನನ್ನ ನೆನಪಿನ ಅಮ್ಮ ಬೇರೆ. ಅವಳು ಹಾಲಿನವನ ಪಾತ್ರೆಯನ್ನು ಮೂಸಿ ನೋಡುತ್ತಿದ್ದಳು, ಅಪ್ಪನ ಅಂಗಿಯ ಕಾಲರ್ ಮೂಸುತ್ತಿದ್ದಳು, ನಾನು ಶಾಲೆಯಿಂದ ತಡವಾಗಿ ಬಂದರೆ ಮುಖ ನೋಡುವ ಮೊದಲು ಚಪ್ಪಲಿಗೆ ಹತ್ತಿದ ಮಣ್ಣನ್ನು ನೋಡುತ್ತಿದ್ದಳು. ಮೊದಲಿನಿಂದಲೂ ಹಾಗಿರಲಿಲ್ಲವಂತೆ. ಹಾಗಾದದ್ದು ರಾಜು ಮಾಮ ಸತ್ತ ಮೇಲೆ.

ರಾಜು ಮಾಮ ಅಮ್ಮನ ತಮ್ಮ. ಮಾಚೇನಹಳ್ಳಿಯ ಒಂದು ಲೇತ್ ಶೆಡ್ಡಿನಲ್ಲಿ ಕೆಲಸ ಮಾಡುತ್ತ, ನಮ್ಮ ಮುಂದಿನ ಕೋಣೆಯಲ್ಲಿ ಮಲಗುತ್ತಿದ್ದ. ಸಂಜೆ ಬರುವಾಗ ತಿರುವಿನಲ್ಲೇ ಸೈಕಲ್ ಬೆಲ್ ಹೊಡೆಯುತ್ತಿದ್ದ. ಅದು ಕೇಳಿದ ಮೇಲೆ ಅಮ್ಮ ಕಾವಲಿ ಒಲೆಗಿಟ್ಟು ರೊಟ್ಟಿ ತಟ್ಟಲು ಕೂರುತ್ತಿದ್ದಳು, ತಣ್ಣಗಾದ ರೊಟ್ಟಿ ಅವನಿಗೆ ಸೇರುತ್ತಿರಲಿಲ್ಲ. ಒಂದು ಮಳೆಗಾಲದ ಸಂಜೆ, ಮೋಡ ಕವಿದು ಆಗಲೇ ಕತ್ತಲಾಗಿತ್ತು, ಕಾರ್ಖಾನೆಯ ಹಿಂದಿನ ರಸ್ತೆಯಲ್ಲಿ ಒಂದು ಕಾರು ಅವನಿಗೆ ಬಡಿದು ನಿಲ್ಲದೆ ಹೋಯಿತು. ಕಂಡದ್ದು ಸೆಲ್ವಮ್ಮ ಒಬ್ಬರೇ. ಹಿಟ್ಟಿನ ಗಿರಣಿಯಿಂದ ಬರುತ್ತಿದ್ದರು. ನಮ್ಮ ಮನೆಯ ಹೊಸಿಲಲ್ಲಿ ಕೂತು ಅವರು ಹೇಳಿದ ಮಾತು ನನಗೆ ಈಗಲೂ ಬಾಯಿಪಾಠ.

"ಹಸಿರು ಕಾರು ಜಯಕ್ಕ. ನಾನೇ ನೋಡ್ದೆ. ಆಗ ತಾನೇ ಸ್ಲ್ಯಾಗ್ ಸುರಿದ್ರು, ರೋಡೆಲ್ಲ ಹಗಲಾದಂಗೆ ಆಯ್ತು. ನಂಬರ್ ಓದಕ್ಕೆ ನಂಗೆ ಬರಲ್ಲ, ಬಣ್ಣ ಮಾತ್ರ ಚೆನ್ನಾಗಿ ಕಾಣಿಸ್ತು. ಹಸಿರು."

ಕಬ್ಬಿಣ ಕರಗಿಸುವಾಗ ಮೇಲೆ ನಿಲ್ಲುವ ಕಿಟ್ಟವನ್ನು ನಮ್ಮೂರಲ್ಲಿ ಎಲ್ಲರೂ ಸ್ಲ್ಯಾಗ್ ಎಂದೇ ಕರೆಯುತ್ತಿದ್ದರು. ಕಾರ್ಖಾನೆಯ ಹಿಂದೆ ಅದನ್ನು ಕೆಂಡದಂತೆಯೇ ಸುರಿದಾಗ ಕಾಲೋನಿಯ ಆಕಾಶ ಕೆಂಪಗೆ ಬೆಳಗುತ್ತಿತ್ತು. ಪೊಲೀಸರು ಸೆಲ್ವಮ್ಮನ ಮಾತನ್ನು ಬರೆದುಕೊಂಡರು. ಬರೀ ಬಣ್ಣ ಹಿಡಿದು ಎಲ್ಲಿ ಹುಡುಕುವುದು ಎಂದೂ ಕೇಳಿದರು. ಮದುವೆಯಾಗಿ ಹೋದ ಹೆಣ್ಣಿಗೆ ತವರಿನ ಸೂತಕ ಪೂರ್ತಿ ಇರುವುದಿಲ್ಲ. ಹಿರಿಯರು ಅಮ್ಮನಿಗೆ ಬೇಗನೆ ತಲೆಗೆ ನೀರು ಹಾಕಿಸಿ, ನಿನ್ನದು ಮುಗಿಯಿತು ಎಂದರು. ಆ ವರ್ಷ ನಮ್ಮ ಮನೆಯಲ್ಲಿ ದೀಪಾವಳಿಯೂ ಆಯಿತು. ಅಮ್ಮ ಹೋಳಿಗೆ ಮಾಡಿ ಎಲ್ಲರಿಗೂ ಬಡಿಸಿದಳು, ತಾನು ಮುಟ್ಟಲಿಲ್ಲ. ಅವಳಿಗೆ ಉಳಿದದ್ದು ಆ ಹಸಿರು ಒಂದೇ. ಸಂತೆಗೆ ಹೋದಾಗ, ಆಸ್ಪತ್ರೆಗೆ ಹೋದಾಗ ಹಸಿರು ಕಾರು ಕಂಡರೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದು ನಿಂತುಬಿಡುತ್ತಿದ್ದಳು, ಒಳಗಿದ್ದವರ ಮುಖ ಕಾಣುವವರೆಗೆ.

ಇಂಥ ಮನೆಗೆ ಅಪ್ಪ ಕಾರು ತಂದಿದ್ದರು. ಅವರು ಕಾರ್ಖಾನೆಯಲ್ಲಿ ತಗಡಿನ ಕೆಲಸ ಮಾಡುವವರು, ಮನೆಗೆ ಬಂದರೂ ಅವರ ಕೈಗೆ ತಗಡೇ ಬೇಕಿತ್ತು ಎಂದು ಎಲ್ಲರೂ ಅಂದುಕೊಂಡರು. ಭಾನುವಾರ ಇಡ್ಲಿ ತಿಂದ ಕೂಡಲೇ ಕೆಲಸ ಶುರು. ಬೊಕ್ಕೆ ಎದ್ದ ಕಡೆ ಅಪ್ಪ ಉಳಿಯಿಂದ ತುಕ್ಕನ್ನು ಕೆರೆದು, ಪೂರ್ತಿ ತಿಂದುಹೋದ ತಗಡನ್ನು ಕತ್ತರಿಸಿ, ಹೊಸ ತುಂಡು ಬೆಸುಗೆ ಹಾಕುತ್ತಿದ್ದರು. ನನಗೆ ವಾಟರ್ ಪೇಪರ್ ಕೊಟ್ಟು, ನೀರು ಹಾಕುತ್ತ ಹಳೆಯ ಬಣ್ಣ ಉಜ್ಜುವ ಕೆಲಸ ಕೊಟ್ಟರು. ಒಂದೇ ಕಡೆ ಒತ್ತಬೇಡ, ಅಂಗೈ ಪೂರ್ತಿ ಆಡಿಸು, ಕಣ್ಣಿಗೆ ಕಾಣದ ತಗ್ಗು ಕೈಗೆ ಗೊತ್ತಾಗುತ್ತೆ ಎನ್ನುತ್ತಿದ್ದರು. ನನಗೆ ಆ ಕೆಲಸ ಹಿಡಿಸಿತು. ನೀರು ಹಾಲಿನಂತೆ ಬೆಳ್ಳಗಾಗಿ ಕಲ್ಲಿನ ಮೇಲೆ ಹರಿದು ಚರಂಡಿ ಸೇರುತ್ತಿತ್ತು. ಅಮ್ಮ ಮಾತ್ರ ಹತ್ತಿರ ಬರುತ್ತಿರಲಿಲ್ಲ. ಕಿಟಕಿಯಿಂದ ನೋಡುತ್ತಿದ್ದಳು. ಅಪ್ಪ ಒಳಗೆ ಬಂದರೆ ಅವಳ ಪ್ರಶ್ನೆ ಸಿದ್ಧವಿರುತ್ತಿತ್ತು: ಬೆಳಿಗ್ಗೆಯಿಂದ ಆ ಮಡ್‌ಗಾರ್ಡಿನ ಒಳಗೆ ತಲೆ ಹಾಕಿಕೊಂಡು ಏನು ನೋಡುತ್ತಿದ್ದಿರಿ? ಅಪ್ಪ ತುಕ್ಕು ಎನ್ನುತ್ತಿದ್ದರು. ನಾನೂ ನೋಡಿದ್ದೆ. ತುಕ್ಕು ಇಲ್ಲದ ಜಾಗದಲ್ಲೂ ಅವರು ಬ್ಯಾಟರಿ ಬಿಟ್ಟು ಬೆರಳಾಡಿಸುತ್ತಿದ್ದರು.

ಒಂದು ಭಾನುವಾರ ಎಡಗಡೆಯ ಮಡ್‌ಗಾರ್ಡು ನನ್ನ ಪಾಲಿಗೆ ಬಂತು. ಬಿಳಿ ಹೋಗಿ ಬೂದು ಬಂತು, ಬೂದು ಬಣ್ಣದ ಕೆಳಗಿನಿಂದ ಮತ್ತೊಂದು ಬಣ್ಣ ಇಣುಕಿತು. ನಾನು ಖುಷಿಯಿಂದ ಇನ್ನಷ್ಟು ನೀರು ಹಾಕಿ ಉಜ್ಜಿದೆ. ಅಮ್ಮ ಅಕ್ಕಿ ತೊಳೆದ ನೀರು ಚೆಲ್ಲಲು ಹಿತ್ತಲಿಗೆ ಬಂದವಳು ಚರಂಡಿಯ ಹತ್ತಿರ ನಿಂತಳು.

"ಶೈಲಾ, ಇದೇನೇ ನೀರು?"

ನಾನು ಕೈಗಳನ್ನು ಎತ್ತಿ ತೋರಿಸಿದೆ. ಮೊಣಕೈವರೆಗೆ ಹಸಿರು ಇಳಿಯುತ್ತಿತ್ತು. ಅಮ್ಮ ಪಾತ್ರೆಯನ್ನು ಕೆಳಗಿಟ್ಟು ಬಂದು, ನಾನು ಉಜ್ಜಿದ ಜಾಗವನ್ನು ನೋಡಿ, ಅಲ್ಲಿದ್ದ ತಗ್ಗಿನ ಮೇಲೆ ಬೆರಳಾಡಿಸಿ, ಅಪ್ಪನ ಕಡೆ ತಿರುಗಿದಳು. ಅಪ್ಪ ಕಾರಿನ ಕೆಳಗೆ ಮಲಗಿದ್ದರು, ಕಾಲುಗಳು ಮಾತ್ರ ಕಾಣುತ್ತಿದ್ದವು. ಅವಳು ಆ ಕಾಲುಗಳನ್ನೇ ನೋಡುತ್ತ ನಿಂತಿದ್ದು ಒಳಗೆ ಹೋದಳು. ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ತಟ್ಟೆ ಹಾಕುವಾಗ ಅಪ್ಪನ ತಟ್ಟೆಯನ್ನು ಸ್ವಲ್ಪ ದೂರಕ್ಕೆ ಹಾಕಿದಳು. ಅನ್ನ, ಸಾರು ಎಲ್ಲ ಬಡಿಸಿದಳು. ಅಪ್ಪ ಮಜ್ಜಿಗೆ ಕೇಳಿದಾಗ ಪಾತ್ರೆಯನ್ನೇ ಅವರ ಮುಂದೆ ಇಟ್ಟಳು.

ಆ ವಾರ ಒಂದು ದಿನ ಅಪ್ಪ ಮೊದಲ ಪಾಳಿಗೆ ಹೋದ ಮೇಲೆ ಅಮ್ಮ ನನಗೆ ಶಾಲೆ ತಪ್ಪಿಸಿ ಶಿವಮೊಗ್ಗದ ಬಸ್ಸು ಹತ್ತಿಸಿದಳು. ಹೊಸಮನೆಯಲ್ಲಿ ಹೆರಾಲ್ಡ್ ಕಾರಿನವರ ಮನೆ ಎಂದರೆ ಎಲ್ಲರಿಗೂ ಗೊತ್ತಿತ್ತು. ಯಜಮಾನರಿಗೆ ತುಂಬ ವಯಸ್ಸಾಗಿತ್ತು, ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಅಮ್ಮ ಯಾರೆಂದು ತಿಳಿದು ಒಳಗೆ ಕರೆದು ಕಾಫಿ ಕೊಡಿಸಿದರು. ಅಮ್ಮ ಲೋಟವನ್ನು ಮುಟ್ಟಲಿಲ್ಲ. ಅವರು ಅದನ್ನು ಗಮನಿಸದೆ ಮಾತಾಡುತ್ತಲೇ ಹೋದರು.

"ನಿಮ್ಮ ಯಜಮಾನ್ರು ವಿಚಿತ್ರದ ಮನುಷ್ಯ ಕಣಮ್ಮ. ಕಾರು ಓಡುತ್ತಾ ಅಂತ ಒಂದು ಸಲಾನೂ ಕೇಳಲಿಲ್ಲ. ಮೊದಲು ಯಾವ ಬಣ್ಣ ಇತ್ತು, ಬಿಳಿ ಯಾವಾಗ ಹೊಡೆಸಿದ್ರಿ, ಅದನ್ನೇ ತಿರುಗಾ ಮುರುಗಾ ಕೇಳಿದ್ರು."

"ಯಾವಾಗ ಹೊಡೆಸಿದ್ರಿ?"

"ಮಗಳ ಮದುವೆಗೆ. ಹೋದ ಮಳೆಗಾಲ ಮುಗೀತಲ್ಲ, ಆಗ. ಮನೆಗೆ ಸುಣ್ಣ, ಗೇಟಿಗೆ ಪೇಂಟು, ಕಾರಿಗೂ ಒಂದು ಕೈ. ತುಕ್ಕಿನ ಮೇಲೇ ಬಳಿದುಬಿಟ್ಟ ಪುಣ್ಯಾತ್ಮ, ನೋಡಿ, ಎದ್ದು ಬಂತು."

"ಎಡಗಡೆ ಮಡ್‌ಗಾರ್ಡ್ ತಗ್ಗಾಗಿತ್ತಾ?"

"ಅದಾ? ನಮ್ಮ ಗೇಟಿಗೇ ತಾಗಿಸ್ಕೊಂಡಿದ್ದು. ಕಣ್ಣು ಸರಿ ಕಾಣ್ತಿರಲಿಲ್ಲ, ಆಮೇಲೆ ಓಡಿಸೋದೇ ಬಿಟ್ಟೆ."

ಹೊರಗೆ ಬಂದ ಮೇಲೆ ಅಮ್ಮ ಗೇಟಿನ ಹತ್ತಿರ ನಿಂತು ಅದರ ಕಂಬಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಗೇಟಿಗೂ ಹೊಸ ಬಣ್ಣ ಬಿದ್ದಿತ್ತು. ಬಸ್ಸು ಮಾಚೇನಹಳ್ಳಿ ದಾಟುವಾಗ, ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ, "ಎಲ್ಲಕ್ಕೂ ಬಣ್ಣ ಹೊಡೆಸಿದ್ದಾರೆ" ಎಂದಳು.

ಅಂದು ಅಪ್ಪ ಊಟಕ್ಕೆ ಕೂತಾಗ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

"ಹೊಸಮನೆಗೆ ಹೋಗಿ ಬಂದೆ. ಹಸಿರು ಅಂತ ಗೊತ್ತಿದ್ದೇ ತಂದ್ರಾ?"

ಅಪ್ಪ ತುತ್ತನ್ನು ಹಾಗೇ ತಟ್ಟೆಯಲ್ಲಿ ಬಿಟ್ಟರು.

"ಹೂಂ. ಗೊತ್ತಿದ್ದೇ ತಂದೆ."

"ನನ್ನ ತಮ್ಮನ್ನ ಕೊಂದ ಗಾಡೀನ ನನ್ನ ಹಿತ್ತಲಿಗೆ ತಂದು, ನನ್ನ ಮಗಳ ಕೈಲಿ ಉಜ್ಜಿಸ್ತಿದ್ದೀರಾ?"

"ಅದೇ ಅಂತ ಗೊತ್ತಿಲ್ಲ ಜಯಾ. ಅದನ್ನ ತಿಳ್ಕೊಳಕ್ಕೇ ತಂದಿದ್ದು. ಆವತ್ತಿಂದ ಎಲ್ಲೆಲ್ಲಿ ಹಸಿರು ಕಾರಿದೆ ಅಂತ ಕೇಳ್ಕೊಂಡು ಅಲೆದೆ. ಇದಕ್ಕೆ ಮಳೆಗಾಲ ಆದ್ಮೇಲೆ ಬಿಳಿ ಹೊಡೆಸಿದ್ದಾರೆ ಅಂತ ಗೊತ್ತಾಯ್ತು. ಬಿಚ್ಚಿ ನೋಡಿದ್ರೆ ತಗಡು ಹೇಳುತ್ತೆ ಅಂದ್ಕೊಂಡೆ."

"ಏನ್ ಹೇಳ್ತು?"

"ಒಳಗಡೆಯಿಂದ ತಟ್ಟಿ ಎತ್ತಿದ್ದಾರೆ. ಸುತ್ತಿಗೆ ಗುರುತಿದೆ. ಸೈಕಲ್ಲಿಗೆ ತಾಗಿ ತಗ್ಗಾಗಿದ್ದೋ ಗೇಟಿಗೆ ತಾಗಿದ್ದೋ, ಅದು ತಗಡಲ್ಲಿ ಬರೆದಿರಲ್ಲ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಆವತ್ತೇ ಠಾಣೆಗೆ ಹೋಗ್ತಿದ್ದೆ."

"ಸೋಮವಾರ ಹೋಗ್ತೀನಿ. ಸೆಲ್ವಮ್ಮ ಬಂದು ಕಾರು ನೋಡಿ ಹೇಳ್ಲಿ. ಅವಳಿದ್ದಾಳೆ, ಈ ಮಡ್‌ಗಾರ್ಡ್ ಇದೆ. ಇನ್ನೇನು ಬೇಕು?"

"ಆ ಮುದುಕರ ಕೈ ನೋಡಿದ್ಯಲ್ಲ. ಪೊಲೀಸರು ಬಾಗಿಲಿಗೆ ಬಂದ್ರೆ ಉಳೀತಾರಾ? ಅವರಲ್ಲದೇ ಇದ್ರೆ?"

"ಅವರೇ ಆಗಿದ್ರೆ?"

ಅಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಅಮ್ಮ ಸೆಲ್ವಮ್ಮನನ್ನು ಕರೆದು ಕೇಳಿದಾಗ ಅವರು ಬರುತ್ತೇನೆ ಎಂದರು, ಹಸಿರು ಎಂದು ದೇವರ ಮುಂದೆ ಬೇಕಾದರೂ ಹೇಳುತ್ತೇನೆ ಎಂದರು. ಸೋಮವಾರಕ್ಕೆಂದು ಅಮ್ಮ ಟ್ರಂಕಿನಿಂದ ಒಂದು ಸೀರೆ ತೆಗೆದು ಮಡಿಕೆ ಬಿಡಿಸಿ ತೂಗುಹಾಕಿದಳು. ನಮ್ಮ ಮನೆ ಆ ದಿನಗಳಲ್ಲಿ ಎರಡಾಗಿತ್ತು. ಅಪ್ಪ ಕಾರಿನ ಹತ್ತಿರ ಹೋದರೆ ಅಮ್ಮ ಹಿಂದೆಯೇ ಹೋಗಿ ನಿಲ್ಲುತ್ತಿದ್ದಳು. ಆ ಮಡ್‌ಗಾರ್ಡನ್ನು ಅವರು ಎಲ್ಲಿ ಪುಟ್ಟಿ ಹಚ್ಚಿ ಮುಚ್ಚಿಬಿಡುತ್ತಾರೋ ಎಂಬ ಅನುಮಾನ ಅವಳಿಗೆ. ನನ್ನನ್ನೂ ಕಾವಲಿಗೆ ಹಾಕಿದಳು. ನಾನು ಅಪ್ಪನನ್ನು ನೋಡುವ ರೀತಿ ಆಗ ಬದಲಾಯಿತು. ಅವರು ಡಬ್ಬದ ಮುಚ್ಚಳ ತೆಗೆದರೆ ಯಾವ ಡಬ್ಬ, ಯಾಕೆ ತೆಗೆದರು ಎಂದು ನೋಡುತ್ತಿದ್ದೆ. ಅವರು ನನ್ನನ್ನು ಕರೆದು ತಲೆ ಸವರಿದರೆ ಅದೂ ಯಾಕೋ ಇರಬೇಕು ಅನ್ನಿಸುತ್ತಿತ್ತು. ಯಾರಾದರೂ ಏನಾದರೂ ಕೊಟ್ಟಾಗ ಮೊದಲು ಯಾಕೆ ಎಂದು ಯೋಚಿಸುವ ನನ್ನ ಬುದ್ಧಿ, ಮದುವೆಯಾದ ಮೇಲೂ ಬಿಡದ ಬುದ್ಧಿ, ಆ ತಗಡಿನ ಚಪ್ಪರದ ಕೆಳಗೆ ಶುರುವಾದದ್ದು.

ಮಳೆ ಹತ್ತಿರ ಬರುತ್ತಿತ್ತು. ಬಣ್ಣ ಕೆರೆದ ತಗಡು ಒಂದು ರಾತ್ರಿ ತೇವ ಕುಡಿದರೆ ಮತ್ತೆ ತುಕ್ಕು ಹಿಡಿಯುತ್ತದೆ. ಭಾನುವಾರ ಅಪ್ಪ, ಮಡ್‌ಗಾರ್ಡ್ ಮುಟ್ಟುವುದಿಲ್ಲ, ಬಿಚ್ಚಿಟ್ಟ ಬಾಗಿಲು ಒಂದಕ್ಕೆ ಮಾತ್ರ ಬಣ್ಣ ಹೊಡೆಯುತ್ತೇನೆ ಎಂದು ಅಮ್ಮನಿಗೆ ಹೇಳಿದರು. ಮಾಚೇನಹಳ್ಳಿಯಿಂದ ಸ್ಪ್ರೇ ಗನ್ನನ್ನೂ ಗಾಳಿ ತುಂಬುವ ಯಂತ್ರವನ್ನೂ ಕೇಳಿ ತಂದಿದ್ದರು. ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿ, ಸುತ್ತಲೂ ಅಮ್ಮನ ಹಳೆಯ ಸೀರೆಗಳನ್ನು ಒದ್ದೆ ಮಾಡಿ ಪರದೆ ಕಟ್ಟಿದರು. ಎಣ್ಣೆಯ ಹೊಗೆ ಬಣ್ಣದ ಮೇಲೆ ಕೂತರೆ ಕಲೆಯಾಗುತ್ತದೆ, ಇವತ್ತೊಂದು ದಿನ ಒಗ್ಗರಣೆ ಬೇಡ ಎಂದರು. ಅಮ್ಮ ಒಳಗೆ ಹೋಗಿ ಸೌಟು ಕಾಯಿಸಿ ಸಾಸಿವೆ ಸಿಡಿಸಿದಳು. ಒಣಮೆಣಸಿನ ಘಾಟಿಗೆ ನಾವೆಲ್ಲ ಕೆಮ್ಮಿದೆವು. ಅಪ್ಪ ಹೊಗೆ ಹೋಗುವವರೆಗೆ ಗನ್ನು ಹಿಡಿದು ಕಾದರು. ಆಮೇಲೆ ಬಾಗಿಲಿಗೆ ನೀಲಿ ಬಣ್ಣ ಹೊಡೆದರು. ತಿಳಿ ನೀಲಿ, ಶಾಲೆಯ ಯೂನಿಫಾರಂನಂಥದು. ಅಪ್ಪನೂ ನಾನೂ ಹಿಡಿದು ಅದನ್ನು ನುಗ್ಗೆ ಮರಕ್ಕೆ ಒರಗಿಸಿ ಒಣಗಲು ಬಿಟ್ಟೆವು.

ಸಂಜೆ ಕತ್ತಲಾಗುವ ಹೊತ್ತಿಗೆ ಅಮ್ಮ ಬಟ್ಟೆ ತೆಗೆಯಲು ಹಿತ್ತಲಿಗೆ ಬಂದಳು. ಅಪ್ಪ ಸ್ಪ್ರೇ ಗನ್ನು ತೊಳೆಯುತ್ತಿದ್ದರು. ಅಷ್ಟರಲ್ಲಿ ಕಾರ್ಖಾನೆಯ ಕಡೆ ಸ್ಲ್ಯಾಗ್ ಸುರಿದರು, ಹಿತ್ತಲೆಲ್ಲ ಕೆಂಪು ಹಳದಿಯ ಬೆಳಕಾಯಿತು. ಸೆಲ್ವಮ್ಮ ತಮ್ಮ ಗೋಡೆಯ ಮೇಲಿಂದ ಇಣುಕಿ ಬಾಗಿಲು ನೋಡಿದರು.

"ಏನಣ್ಣಾ, ನೀಲಿ ಹೊಡೀತೀನಿ ಅಂತ ಊರೆಲ್ಲ ಹೇಳಿ ಈಗ ಹಸಿರು ಹೊಡೆದಿದ್ದೀರಾ? ಜಯಕ್ಕನ ಹೊಟ್ಟೆ ಉರಿಸಕ್ಕಾ?"

ನಾನು ಬಾಗಿಲು ನೋಡಿದೆ. ಬೆಳಿಗ್ಗೆ ನನ್ನ ಕಣ್ಣೆದುರು ನೀಲಿಯಾಗಿದ್ದದ್ದು ಹಸಿರಾಗಿ ನಿಂತಿತ್ತು. ಎಲೆಯ ಹಸಿರಲ್ಲ, ಹಳೆಯ ಕಾರುಗಳಿಗಿರುವಂಥ ಮಂಕು ಹಸಿರು. ನಮ್ಮ ಕಾಲೋನಿಯ ಹೆಂಗಸರಿಗೆ ಇದು ತಿಳಿಯದ ವಿಷಯವಲ್ಲ. ಸೀರೆ ಮಾರುವವನು ಬಂದು ಗಂಟು ಬಿಚ್ಚಿದಾಗ ಆಕಾಶ ಕೆಂಪಾದರೆ, ಈಗ ಬೇಡಪ್ಪ, ಈ ಬೆಳಕು ಹೋಗಲಿ ಎಂದು ಸೆರಗು ಮಡಿಚಿ ಪಕ್ಕಕ್ಕಿಡುತ್ತಿದ್ದರು. ಆ ಬೆಳಕಿನಲ್ಲಿ ಆರಿಸಿದ ಸೀರೆ ಬೆಳಿಗ್ಗೆ ಬೇರೆಯೇ ಬಣ್ಣದ್ದಾಗಿರುತ್ತದೆಂದು ಸೆಲ್ವಮ್ಮನೇ ಅಮ್ಮನಿಗೆ ಎಷ್ಟೋ ಸಲ ಹೇಳಿದ್ದರು. ಸೀರೆಯ ವಿಷಯದಲ್ಲಿ ಗೊತ್ತಿದ್ದ ಮಾತು ಕಾರಿಗೂ ಅನ್ವಯಿಸುತ್ತದೆಂದು ಇಡೀ ವರ್ಷ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಅತ್ತ ಕೆಂಪು ಇಳಿಯಿತು. ಉಳಿದ ಮಂಕು ಬೆಳಕಿನಲ್ಲಿ ಬಾಗಿಲು ಮತ್ತೆ ನೀಲಿಯಾಗತೊಡಗಿತು. ಸೆಲ್ವಮ್ಮ ಅದನ್ನು ನೋಡುತ್ತಲೇ ಇದ್ದರು. ಅವರ ಬಾಯಿ ಅರ್ಧ ತೆರೆದಿತ್ತು.

"ಜಯಕ್ಕ, ನಾನ್ ನೋಡಿದ್ದು ಸುಳ್ಳಲ್ಲ. ಮುರುಗನಾಣೆ ಸುಳ್ಳಲ್ಲ."

"ಸುಳ್ಳು ಅಂತ ಯಾರಂದ್ರು ಸೆಲ್ವ? ನೀನು ನೋಡಿದೀಯ."

ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ತೆಗೆದ ಬಟ್ಟೆಗಳನ್ನು ಎದೆಗೆ ಅವುಚಿಕೊಂಡು ಒಳಗೆ ಹೋದಳು. ನಾನು ಹಿಂದೆ ಹೋದೆ. ತೂಗುಹಾಕಿದ್ದ ಸೀರೆಯನ್ನು ತೆಗೆದು ಮಡಿಚಿ ಟ್ರಂಕಿಗೆ ಹಾಕಿದಳು, ಮುಚ್ಚಳ ಮುಚ್ಚಿದಳು, ಅದರ ಮೇಲೆ ಕೂತಳು. ನನಗೆ ಸಮಾಧಾನವಾಗಿತ್ತು. ಅಪ್ಪ ಏನನ್ನೂ ಮುಚ್ಚಿಹಾಕುತ್ತಿರಲಿಲ್ಲ, ಹೊಸಮನೆಯ ಅಜ್ಜನ ಬಾಗಿಲಿಗೆ ಪೊಲೀಸರು ಹೋಗುವುದಿಲ್ಲ, ನಾಳೆಯಿಂದ ಮನೆ ಮೊದಲಿನಂತಾಗುತ್ತದೆ ಎಂದುಕೊಂಡೆ. ಅಮ್ಮ ಅಳುತ್ತಿದ್ದಳು. ಮಾಮ ಸತ್ತಾಗ ಅತ್ತದ್ದಕ್ಕಿಂತ ಹೆಚ್ಚಾಗಿ ಅಳುತ್ತಿದ್ದಳು. ಅದು ಯಾಕೆಂದು ನನಗೆ ಆಗ ಅರ್ಥವಾಗಲಿಲ್ಲ.

ಮಾರನೆಯ ದಿನ ಅಪ್ಪ ಕೆಲಸಕ್ಕೆ ಹೊರಡುವ ಮುಂಚೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಡ್‌ಗಾರ್ಡಿನ ವಿಷಯ ತೆಗೆದರು. ಅಮ್ಮ ಒಲೆಯ ಕಡೆಯೇ ಮುಖ ಮಾಡಿ ಹೇಳಿದಳು.

"ಹೊಡೀರಿ. ಯಾವ ಬಣ್ಣ ಆದ್ರೇನು."

ಮಳೆ ಹಿಡಿಯುವ ಮೊದಲು ಕಾರು ಪೂರ್ತಿ ನೀಲಿಯಾಯಿತು. ಇಂಜಿನ್ನು ಒಂದು ಸಲ ಹೊಗೆಯುಗುಳಿ ಚಾಲೂ ಆಯಿತು. ಕಾಲೋನಿಯ ಜನವೆಲ್ಲ ಸೇರಿದರು, ಸೆಲ್ವಮ್ಮ ತಾವೇ ಕುಂಬಳಕಾಯಿ ತಂದು ಒಡೆದರು. ಅಪ್ಪ ನಮ್ಮಿಬ್ಬರನ್ನು ಕೂರಿಸಿಕೊಂಡು ಶಿವಮೊಗ್ಗದ ಕಡೆಗೆ ಹೊರಟರು. ಅಮ್ಮ ಮುಂದಿನ ಸೀಟಿನಲ್ಲಿ ಕಿಟಕಿಗೆ ಅಂಟಿಕೊಂಡು ಕೂತಿದ್ದಳು. ಎದುರಿನಿಂದ ಒಂದು ಕಪ್ಪು ಕಾರು ಬಂದರೆ ಅದು ದಾಟುವವರೆಗೆ ತಿರುಗಿ ನೋಡಿದಳು. ಬಿಳಿಯದು ಬಂತು, ಅದನ್ನೂ ನೋಡಿದಳು. ಬೂದು ಬಣ್ಣದ್ದು, ಕೆಂಪು, ಮತ್ತೆ ಬಿಳಿ.

"ಏನ್ ನೋಡ್ತಿದ್ದೀಯ ಜಯಾ?"

"ಎಲ್ಲಾನೂ ನೋಡ್ಬೇಕಲ್ರೀ ಈಗ. ಮೊದಲಾದ್ರೆ ಹಸಿರು ಬಂದಾಗ ನೋಡಿದ್ರೆ ಸಾಕಿತ್ತು."

ಅಪ್ಪ ಸ್ವಲ್ಪ ದೂರ ಹಾಗೇ ಓಡಿಸಿದರು. ಆಮೇಲೆ ಗಾಡಿಯನ್ನು ರಸ್ತೆಯ ಅಂಚಿಗೆ ತೆಗೆದುಕೊಂಡು, ವೇಗವನ್ನು ಎತ್ತಿನ ಗಾಡಿಯಷ್ಟಕ್ಕೆ ಇಳಿಸಿದರು. ಹಿಂದಿದ್ದ ಕಾರುಗಳು ಹಾರ್ನ್ ಹೊಡೆಯುತ್ತ ಒಂದೊಂದಾಗಿ ನಮ್ಮನ್ನು ದಾಟಿ ಹೋದವು. ಅವಳು ಒಂದನ್ನೂ ಬಿಡದೆ ನೋಡಿದಳು.